ಕುಂಚಾವರಂ ಹಳ್ಳಕ್ಕಾಗಿ ಹುಡುಕಿದ ಲೇಖನಗಳು

ಡಾಕ್ಟರ್ ಮೇಡಂ ಮೊದಲ ಸಲ ನಮ್ಮ ಗ್ರಂಥಾಲಯಕ್ಕೆ ಬಂದಾಗ ನಾನು ಸಿಟ್ಟಿನಲ್ಲಿದ್ದೆ. ವಾಡಿಯಿಂದ ಹೊರಟ ಪ್ಯಾಸೆಂಜರ್ ಚಿತ್ತಾಪುರದಲ್ಲಿ ಸಿಮೆಂಟಿನ ಗೂಡ್ಸ್ ಗಾಡಿಗೆ ದಾರಿ ಬಿಟ್ಟು ನಿಂತೇಬಿಟ್ಟಿತ್ತು. ನಾನು ಸೇಡಂ ಮುಟ್ಟುವಷ್ಟರಲ್ಲಿ ನರ್ಸಿಂಗ್ ಕಾಲೇಜಿನ ಹುಡುಗಿಯರು ಬೀಗ ಹಾಕಿದ ಬಾಗಿಲ ಮುಂದೆ ಕೂತು ಶೇಂಗಾ ತಿಂದು ಸಿಪ್ಪೆಯನ್ನೆಲ್ಲ ಮೆಟ್ಟಿಲ ತುಂಬ ಹರವಿದ್ದರು. ನಾನು ಆ ಕಾಲೇಜಿನ ಗ್ರಂಥಪಾಲಕಿ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲೂ ಅನ್ನುತ್ತಾರೆ, ಕಾಲೇಜಿನಲ್ಲೂ ಅನ್ನುತ್ತಾರೆ. ಹುಡುಗಿಯರ ಕೈಗೆ ಪೊರಕೆ ಕೊಟ್ಟು ನಿಂತಿದ್ದಾಗ ಹಿಂದಿನಿಂದ ಯಾರೋ, "ಮೊದ್ಲ ನನಗೊಂದು ಕುರ್ಚಿ ಕೊಡ್ರಿ, ಆಮ್ಯಾಲ ಅವರನ್ನ ಬೈರಿ" ಎಂದರು.

ತಿರುಗಿ ನೋಡಿದರೆ ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ ಹೆಂಗಸು. ಚಪ್ಪಲಿಗೆ ಕೆಂಪು ಮಣ್ಣು, ಹೆಗಲಲ್ಲಿ ಹಿಡಿಕೆ ಹರಿದು ಗಂಟು ಹಾಕಿದ ಚೀಲ. ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ತಾಯಂದಿರ, ಕೂಸುಗಳ ಆರೋಗ್ಯ ನೋಡಿಕೊಳ್ಳುವ ಸರ್ಕಾರಿ ಡಾಕ್ಟರ್ ತಾನು ಎಂದರು. ಕುರ್ಚಿ ಕೊಟ್ಟೆ. ನೀರು ಕೇಳಿದರು, ಕೊಟ್ಟೆ. ಪೊರಕೆ ಹಿಡಿದ ಹುಡುಗಿಯರಿಗೂ "ನೀವೂ ಕುಂದ್ರಿ, ಇದು ನಿಮ್ಮ ಪಾಠನೇ ಅದ" ಎಂದು ಎದುರಿಗೆ ಕೂರಿಸಿಕೊಂಡರು. ನನ್ನ ಗ್ರಂಥಾಲಯದಲ್ಲಿ ನನ್ನನ್ನು ಕೇಳದೆ ಯಾರೂ ಯಾರನ್ನೂ ಕೂರಿಸಿದ್ದಿಲ್ಲ. ಆದರೂ ಅವತ್ತು ನಾನೂ ಒಂದು ಕುರ್ಚಿ ಎಳೆದುಕೊಂಡು ಕೂತೆ.

ಅವರು ಹೇಳಿದ್ದು ಇಷ್ಟು. ಕುಂಚಾವರಂ ಅಡವಿಯ ಅಂಚಿನಲ್ಲಿ ಲಂಬಾಣಿ ಜನರ ಕೆಲವು ತಾಂಡಾಗಳಿವೆ. ಡಾಂಬರು ರಸ್ತೆಗೂ ಅವಕ್ಕೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಅದರ ಮರಳಿನಲ್ಲಿ ಆಡುಗಳು ಮಲಗಿರುತ್ತವೆ. ಮಳೆ ಹಿಡಿದರೆ ಗಟ್ಟಿಮುಟ್ಟಾದ ಆಳನ್ನೂ ಎಳೆದೊಯ್ಯುತ್ತದೆ. ಹಿಂದೊಂದು ಮಳೆಗಾಲದಲ್ಲಿ ಅಲ್ಲಿಯ ಚೊಚ್ಚಲ ಬಸುರಿಯೊಬ್ಬಳಿಗೆ ದಿನ ತುಂಬುವ ಮೊದಲೇ ಬೇನೆ ಶುರುವಾಯಿತು. ಫೋನೂ ಹೋಯಿತು, ಆಂಬುಲೆನ್ಸೂ ಬಂತು.

"ಆಂಬುಲೆನ್ಸ್ ಈ ಕಡಿ, ಹುಡುಗಿ ಆ ಕಡಿ," ಎಂದರು ಡಾಕ್ಟರ್ ಮೇಡಂ. "ನಡುವ ನೀರು. ನಾನೂ ಈ ಕಡಿನೇ ನಿಂತಿದ್ದೆ. ಆಕಿ ಒದರೋದು ಕೇಳಲಿಕತ್ತಿತ್ತು. ನೀರು ಇಳಿಯೋತನಕ ನಿಂತೆ. ಕೂಸು ಉಳೀಲಿಲ್ಲ."

ಹೇಳುವಾಗ ಅವರ ದನಿ ಏರಲಿಲ್ಲ, ಇಳಿಯಲೂ ಇಲ್ಲ. ಪೊರಕೆ ಹಿಡಿದಿದ್ದ ಹುಡುಗಿ ಅದನ್ನು ಸದ್ದಾಗದಂತೆ ಗೋಡೆಗೆ ಒರಗಿಸಿದಳು.

ಆ ಮಳೆಗಾಲದ ನಂತರ ಡಾಕ್ಟರ್ ಮೇಡಂ ತಾವು ಎಲ್ಲೋ ತರಬೇತಿಯಲ್ಲಿ ಕಲಿತಿದ್ದ ಒಂದು ಪದ್ಧತಿಯನ್ನು ಆ ಭಾಗದ ಆರೋಗ್ಯ ಉಪಕೇಂದ್ರದ ಸಿಸ್ಟರ್‌ಗೆ ಹೇಳಿಕೊಟ್ಟರು. ಸಿಸ್ಟರ್ ತಿಂಗಳಿಗೊಮ್ಮೆ ತಾಂಡಾಗಳ ಹೆಣ್ಣುಮಕ್ಕಳನ್ನು ಒಂದೆಡೆ ಕೂಡಿಸತೊಡಗಿದರು. ಹಾಗೆ ಕೂತವರೇ ಒಂದು ಕಟ್ಟಳೆ ಮಾಡಿಕೊಂಡರು: ದಿನ ತುಂಬುತ್ತ ಬಂದ ಬಸುರಿ ಮಳೆ ಹಿಡಿಯುವ ಮೊದಲೇ ಹಳ್ಳ ದಾಟಿ, ರಸ್ತೆ ಬದಿಯ ಬಳಗದವರ ಮನೆಯಲ್ಲಿ ಬಂದಿರಬೇಕು. ಕೆಲಸ ನಡೆದಿತ್ತು. ಅಷ್ಟರಲ್ಲಿ ಜಿಲ್ಲೆಯ ಯೋಜನಾ ಸಮಿತಿ ಬರುವ ವರ್ಷದಿಂದ ಎಲ್ಲ ಕಡೆಗೂ ಒಂದೇ ಪದ್ಧತಿ ಎಂದು ಗೊತ್ತುಮಾಡಿತು: ಧ್ವನಿವರ್ಧಕದ ಆಟೊ, ಗೋಡೆಬರಹ, ಬೀದಿ ನಾಟಕ. ಸಿಸ್ಟರ್‌ಗೂ ಅದೇ ಕೆಲಸ. ತಾಂಡಾದ ಕೂಟಗಳಿಗೆಂದು ಪ್ರತ್ಯೇಕ ದಿನವೂ ಇಲ್ಲ, ಜೀಪೂ ಇಲ್ಲ.

"ಕೂಡಿಸಿ ಮಾತಾಡಿದ್ರ ಫಾಯ್ದಾ ಆಗ್ತದ ಅಂತ ಪುರಾವೆ ಏನದ ಅಂತ ಕೇಳಿದ್ರು. ಒಂದು ಹಳ್ಳದ ಕಥಿ ಸಾಲಂಗಿಲ್ಲ, ಸಂಶೋಧನಾ ಲೇಖನ ತರ್ರಿ, ಮುಂದಿನ ಮೀಟಿಂಗ್‌ನ್ಯಾಗ ನೋಡೋಣು ಅಂದ್ರು."

"ಅವರಿಗೇನ್ರಿ, ಕುಂತಲ್ಲಿಂದ ಕೇಳ್ತಾರ," ಎಂದೆ ನಾನು.

"ಹಂಗನಬ್ಯಾಡ್ರಿ. ಕೇಳಿದ್ದು ಬರೋಬರ್ ಅದ. ರೊಕ್ಕ ಜನರದು. ಆದ್ರ ಲೇಖನ ಹುಡುಕೋದು ನನಗ ಬರಂಗಿಲ್ಲ. ನಿಮ್ಗ ಬರ್ತದಂತ ಹೇಳಿದ್ರು, ಅದಕ್ಕ ಬಂದೀನಿ."

ತನಗೆ ಬಾರದ್ದನ್ನು ಬಾರದು ಎಂದು ನರ್ಸಿಂಗ್ ಹುಡುಗಿಯರ ಮುಂದೆ ಅಷ್ಟು ಸಲೀಸಾಗಿ ಹೇಳಿದ ಡಾಕ್ಟರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನಾನು ಉಬ್ಬಿಹೋದೆ. "ಅದೇನ್ ಮಹಾ, ಎರಡು ದಿನದಾಗ ತೆಗೆದು ಕೊಡ್ತೀನಿ" ಎಂದುಬಿಟ್ಟೆ.

ನಮ್ಮ ಭಾಗದ ಕಚೇರಿಗಳಲ್ಲಿ ಆರೋಗ್ಯದ ಯಾವ ಕೆಲಸಕ್ಕೂ ಒಂದೇ ಹೆಸರು, ಜಾಗೃತಿ ಕಾರ್ಯಕ್ರಮ. ಸೊಳ್ಳೆಗೂ ಜಾಗೃತಿ, ಶೌಚಾಲಯಕ್ಕೂ ಜಾಗೃತಿ, ಕ್ಷಯಕ್ಕೂ ಜಾಗೃತಿ. ಬ್ಯಾನರಿನ ಮೇಲೆ ಆ ಪದವಿಲ್ಲದಿದ್ದರೆ ಬಿಲ್ಲು ಪಾಸಾಗುವುದಿಲ್ಲವೇನೋ ಎನ್ನುವಷ್ಟು. ನಾನೂ ಆ ಗಾಳಿಯಲ್ಲೇ ಬೆಳೆದವಳು. ಸಂಶೋಧನಾ ಲೇಖನಗಳ ಡೇಟಾಬೇಸಿನ ಹುಡುಕುವ ಪೆಟ್ಟಿಗೆಯಲ್ಲಿ 'ಆರೋಗ್ಯ ಜಾಗೃತಿ', 'ಗ್ರಾಮೀಣ ಮಹಿಳೆ', 'ಹೆರಿಗೆ' ಎಂಬುವಕ್ಕೆ ಸರಿಯಾದ ಇಂಗ್ಲಿಷ್ ಪದಗಳನ್ನು ಹಾಕಿ ಗುಂಡಿ ಒತ್ತಿದೆ.

ಲೇಖನಗಳು ಹೊಳೆಯಂತೆ ಬಂದವು. ನನಗೆ ಹಿಗ್ಗು. ಮೊದಲು ಶೀರ್ಷಿಕೆ ಓದಿ ಜೊಳ್ಳು ತೆಗೆಯುವುದು, ಉಳಿದವುಗಳ ಸಾರಾಂಶ ಓದಿ ಬೇಕು, ಬೇಡ, ನೋಡೋಣ ಎಂದು ಬೇರೆ ಮಾಡುವುದು, ಬೇಕಾದವುಗಳ ಪೂರ್ತಿ ಪಠ್ಯ ತರಿಸಿ ಓದುವುದು. ಇದು ನಮ್ಮ ಕೆಲಸದ ಕ್ರಮ. ಸಾರಾಂಶಗಳಿಗೆ ಬರುವಷ್ಟರಲ್ಲಿ ಹಿಗ್ಗು ಇಳಿದುಹೋಯಿತು. ಹೆಚ್ಚಿನವು ಒಂದೇ ಅಚ್ಚಿನವು. ಯಾವುದೋ ಊರಿಗೆ ಹೋಗಿ ಹೆಣ್ಣುಮಕ್ಕಳ ಕೈಗೆ ಪ್ರಶ್ನೆಗಳ ಹಾಳೆ ಕೊಟ್ಟು, ಇದು ಗೊತ್ತೇ, ಅದು ಗೊತ್ತೇ ಎಂದು ಕೇಳಿ, ಅಂಕ ಹಾಕಿ, ಕೊನೆಗೆ 'ಜಾಗೃತಿ ಹೆಚ್ಚಿಸುವ ಅಗತ್ಯವಿದೆ' ಎಂದು ಮುಗಿಸಿದ್ದವು. ಯಾರಾದರೂ ಏನಾದರೂ ಬದಲು ಮಾಡಿದರೋ, ಬದಲು ಮಾಡಿದ ಮೇಲೆ ತಾಯಿಗೋ ಕೂಸಿಗೋ ಒಳ್ಳೆಯದಾಯಿತೋ ಎಂಬ ಮಾತೇ ಅಲ್ಲಿಲ್ಲ.

ಡಾಕ್ಟರ್ ಮೇಡಂ ಫೋನ್ ಮಾಡಿದರು. "ಏನ್ ಸಿಕ್ತದ?"

"ಜನರಿಗಿ ಗೊತ್ತಿಲ್ಲ ಅಂತ ಸಿಕ್ಕದ್ರಿ."

"ಅದು ನನಗೂ ಗೊತ್ತದ ಬಿಡ್ರಿ," ಎಂದು ನಕ್ಕರು. ನಾನು ನಗಲಿಲ್ಲ. ಎರಡು ದಿನ ಎಂದಿದ್ದು ಎಂದೋ ಕಳೆದುಹೋಗಿತ್ತು, ನನ್ನ ಮುಖ ನನಗೇ ಸಣ್ಣದಾಗಿತ್ತು.

ಅದರ ಬೆನ್ನಿಗೇ ಇನ್ನೊಂದು ಪೆಟ್ಟು. ಹುಡುಕುತ್ತ ಹೋದಾಗ ನಮಗೇ ಅಳತೆ ಕೊಟ್ಟು ಹೊಲಿಸಿದಂಥ ಒಂದು ಲೇಖನ ಸಿಕ್ಕಿತು. ಗುಡ್ಡಗಾಡಿನ ಊರು, ಹೆಣ್ಣುಮಕ್ಕಳ ಕೂಟ, ಒಂದೇ ವರ್ಷದಲ್ಲಿ ಎಲ್ಲವೂ ಬಂಗಾರ. ನಮ್ಮ ಪ್ರಿನ್ಸಿಪಾಲರಿಗೆ ತೋರಿಸಿದೆ. ಅವರು ಖುಷಿಯಾಗಿ, "ಮತ್ತೇನ್ ಬೇಕ್ರಿ, ಇದನ್ನ ಬಣ್ಣದಾಗ ಪ್ರಿಂಟ್ ತಗಸ್ರಿ" ಎಂದರು. ನನಗೆ ಮಾತ್ರ ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯಲಿಲ್ಲ. ಆ ಪತ್ರಿಕೆಯ ಸಂಪಾದಕ ಮಂಡಳಿ ಯಾರದು ಎಂದು ನೋಡಿದರೆ ವಿಳಾಸಗಳೇ ಇಲ್ಲ. ದುಡ್ಡು ಕಟ್ಟಿದರೆ ವಾರದೊಳಗೆ ಪ್ರಕಟಣೆ ಎಂದು ಮಾತ್ರ ದೊಡ್ಡದಾಗಿ ಬರೆದಿತ್ತು. ಲೇಖನದ ಕೋಷ್ಟಕದ ಅಂಕಿಗಳನ್ನು ಹಿಡಿದು ಹುಡುಕಿದೆ. ಅದೇ ಕೋಷ್ಟಕ, ದಶಮಾಂಶ ಬಿಂದುವಿನ ನಂತರದ ಅಂಕಿಯ ಸಮೇತ, ಬೇರೆ ರಾಜ್ಯದ ಬೇರೆ ಊರಿನ ಹೆಸರಿನಲ್ಲಿ ಇನ್ನೊಂದು ಕಡೆ ಕುಳಿತಿತ್ತು. ಒಬ್ಬರದನ್ನು ಒಬ್ಬರು ಎತ್ತಿಕೊಂಡಿದ್ದರು, ಅಥವಾ ಇಬ್ಬರೂ ಮನೆಯಲ್ಲೇ ಕೂತು ಬರೆದಿದ್ದರು.

ಪ್ರಿನ್ಸಿಪಾಲರಿಗೆ ಇದನ್ನು ಇಡಲಾಗದು ಎಂದು ಹೇಳಿ, ಹೆದರಿಕೊಂಡೇ ಡಾಕ್ಟರ್ ಮೇಡಂಗೆ ಫೋನ್ ಹಚ್ಚಿದೆ. ಕೈಯಲ್ಲಿದ್ದ ಒಂದೇ ಒಂದು ಲೇಖನ ಅದು. ಅವರು ಪೂರ್ತಿ ಕೇಳಿಸಿಕೊಂಡು, "ಹರಿದು ಒಗೀರಿ" ಎಂದರು. ಆಮೇಲೆ, "ಮೇಡಂ, ನೀವು ಒಂದ್ಸಲ ನನ್ನ ಸಂಗಾಟ ಬರ್ರಿ. ನಾವು ಏನ್ ಮಾಡಾಕತ್ತೀವಿ ಅಂತ ನೋಡದ ನೀವು ಹ್ಯಾಂಗ ಹುಡುಕ್ತೀರಿ?" ಎಂದರು.

ಹೋದೆ. ಸೇಡಮಿನಿಂದ ಚಿಂಚೋಳಿಗೆ ಬಸ್ಸು, ಅಲ್ಲಿಂದ ಅವರ ಜೀಪು. ಚಂದ್ರಂಪಳ್ಳಿ ಅಣೆಕಟ್ಟಿನ ನೀರು ಮರಗಳ ಸಂದಿಯಲ್ಲಿ ಸ್ವಲ್ಪ ಹೊತ್ತು ಕಂಡು ಮರೆಯಾಯಿತು. ಆ ಹಳ್ಳದ ಹತ್ತಿರ ಜೀಪು ನಿಂತಿತು. ಸೊಂಟದೆತ್ತರದ ಕಲ್ಲುಗಳ ಮೇಲೆ ಹಳೆಯ ನೀರಿನ ಗೆರೆ ಕಾಣುತ್ತಿತ್ತು. ಡಾಕ್ಟರ್ ಮೇಡಂ ಒಂದು ಹುಣಸೆಮರ ತೋರಿಸಿ, "ನಾ ನಿಂತಿದ್ದು ಇಲ್ಲೇ" ಎಂದರು. ಇಬ್ಬರೂ ಒಣ ಮರಳಿನಲ್ಲಿ ನಡೆದು ಆ ಕಡೆ ಹೋದೆವು.

ತಾಂಡಾದ ಗುಡಿಯ ಮುಂದಿನ ಬಯಲಿನಲ್ಲಿ ಹೆಣ್ಣುಮಕ್ಕಳು ಸುತ್ತುಗಟ್ಟಿ ಕೂತಿದ್ದರು. ಸಿಸ್ಟರ್ ನನ್ನದೇ ವಯಸ್ಸಿನವರು, ಒಂದೇ ಉಸಿರಿನಲ್ಲಿ ಕನ್ನಡ, ತೆಲುಗು, ಲಂಬಾಣಿ ಮೂರನ್ನೂ ಆಡುವವರು, ಮಾತಿಗಿಂತ ಮೊದಲು ನಗುವವರು. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬಿಡಿಸಿದ ಚಿತ್ರಗಳನ್ನು ನೆಲದ ಮೇಲೆ ಹರಡಿದರು. ಕಾಲು ಬಾತ ಬಸುರಿ, ತಲೆ ತಿರುಗಿ ಬಿದ್ದವಳು, ಮೈ ತಣ್ಣಗಾದ ಕೂಸು, ತುಂಬಿದ ಹಳ್ಳ. ಆಮೇಲೆ ಸೆರಗಿನ ಗಂಟು ಬಿಚ್ಚಿ ಎಲ್ಲರ ಕೈಗೂ ಒಂದೊಂದು ಮುಷ್ಟಿ ತೊಗರಿ ಹಾಕಿದರು. ಈ ತಿಂಗಳು ಯಾವ ತೊಂದರೆಯ ಬಗ್ಗೆ ಮಾತಾಡಬೇಕು ಎನ್ನುವವರು ಆ ಚಿತ್ರದ ಮೇಲೆ ತೊಗರಿ ಇಡಬೇಕು. ತರಬೇತಿಯಲ್ಲಿ ಹರಳು ಇಡಿಸಿ ಎಂದು ಹೇಳಿಕೊಟ್ಟಿದ್ದರಂತೆ. "ಹರಳಂದ್ರ ಆಟ ಅಂತಾರ್ರಿ. ತೊಗರಿ ಅಂದ್ರ ವಿಚಾರ ಮಾಡಿ ಇಡ್ತಾರ," ಎಂದರು ಸಿಸ್ಟರ್. ತೊಗರಿಯೇ ಬೆಳೆಯುವ ನಾಡಿನಲ್ಲಿ ಒಂದು ಕಾಳನ್ನೂ ಯಾರೂ ಸುಮ್ಮನೆ ಚೆಲ್ಲುವುದಿಲ್ಲ ಎಂಬುದು ನನಗೂ ಗೊತ್ತಿದ್ದ ಸಂಗತಿ.

ಅವತ್ತು ತುಂಬಿದ ಹಳ್ಳದ ಚಿತ್ರದ ಮೇಲೆ ರಾಶಿ ಬಿತ್ತು. ಮಾತು ಶುರುವಾಯಿತು, ಜಗಳವೂ ಆಯಿತು.

"ನಾ ಸೊಸಿನ್ನ ಆ ಕಡಿ ಬಿಟ್ಟು ಬಂದ್ರ ಇಲ್ಲಿ ಆಡು ಯಾರು ಕಾಯ್ತಾರ?" ಎಂದು ಕೇಳಿದಳು ತೋಳ ತುಂಬ ಬಿಳಿ ಬಳೆ ತೊಟ್ಟ ಒಬ್ಬ ಮುದುಕಿ. ಎಲ್ಲ ತಾಂಡಾಗಳಾಚೆಗೆ, ಅಡವಿಗೆ ಹತ್ತಿರವಿರುವ ಕಡೆಯ ತಾಂಡಾದಿಂದ ನಡೆದು ಬಂದವಳು ಆಕೆ.

"ನಮ್ಮ ಆಡಿನ ಸಂಗಾಟ ಹೊಡಕೊಂಡು ಹೋಗ್ತೀವಿ, ಅದಕ್ಕೇನು," ಎಂದಳು ಇನ್ನೊಬ್ಬಳು.

"ಹೋದವರ್ಷ ನನ್ನ ಮರಿ ಕಳದವರು ಯಾರು?"

ಹೀಗೆ ಹಗ್ಗ ಜಗ್ಗಿ ಜಗ್ಗಿ, ಯಾರ ಮನೆಯ ಆಡನ್ನು ಯಾರು ಕಾಯಬೇಕು, ರಸ್ತೆ ಬದಿಯ ಮನೆಗೆ ಜೋಳದ ಹಿಟ್ಟು ಯಾರು ಮುಟ್ಟಿಸಬೇಕು ಎಂಬಲ್ಲಿಗೆ ಬಂದು ನಿಂತಿತು. ಅಷ್ಟು ಹೊತ್ತೂ ಸಿಸ್ಟರ್ ಅಬ್ಬಬ್ಬಾ ಎಂದರೆ ನಾಲ್ಕು ಮಾತು ಆಡಿರಬಹುದು.

"ನೀವು ಭಾಷಣ ಮಾಡಂಗಿಲ್ಲೇನ್ರಿ?" ಎಂದು ಕೇಳಿದೆ.

"ಭಾಷಣ ಮಾಡಿದ್ರ ಎದ್ದು ಹೋಗ್ತಾರ್ರಿ ಮೇಡಂ," ಎಂದು ಅವರು ನಕ್ಕರು.

ಜೀಪಿನಲ್ಲಿ ಹಿಂದಿರುಗುವಾಗ ನನ್ನ ತಲೆಗೆ ಒಮ್ಮೆಲೇ ಹೊಳೆಯಿತು. ನಾನು ಅಷ್ಟು ದಿನ ಹುಡುಕಿದ್ದು ಇಲ್ಲಿ ನಡೆಯದೇ ಇದ್ದ ಸಂಗತಿಯನ್ನು. ಹಳ್ಳ ಕೊಲ್ಲುತ್ತದೆ ಎಂದು ಆ ಹೆಣ್ಣುಮಕ್ಕಳಿಗೆ ಯಾರೂ ಜಾಗೃತಿ ಮೂಡಿಸಬೇಕಾಗಿರಲಿಲ್ಲ. ಅವರು ಕೂಡುತ್ತಿದ್ದರು, ತೊಂದರೆಯನ್ನು ತಾವೇ ಆರಿಸುತ್ತಿದ್ದರು, ದಾರಿ ತಾವೇ ಕಂಡುಕೊಳ್ಳುತ್ತಿದ್ದರು, ಮಾಡಿ ನೋಡಿ ಮತ್ತೆ ಬಂದು ಕೂಡುತ್ತಿದ್ದರು. ಇದಕ್ಕೆ ಪಂಡಿತರು ಬೇರೆ ಹೆಸರಿಟ್ಟಿದ್ದಾರೆ, ಸಹಭಾಗಿತ್ವದ ಕಲಿಕೆ ಎಂದು. "ಡಾಕ್ಟರ್ ಮೇಡಂ, ನಾ ದಾರಿನೇ ತಪ್ಪಿದ್ದೆ ನೋಡ್ರಿ," ಎಂದೆ. "ಈಗ ಸಿಕ್ಕದಲ್ಲ, ನಡೀರಿ," ಎಂದು ಅವರು ಡ್ರೈವರ್‌ಗೆ ಚಹಾದ ಅಂಗಡಿ ಮುಂದೆ ನಿಲ್ಲಿಸಲು ಹೇಳಿದರು.

ಮರುದಿನ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದೆ. ಯಾರು ಎಂಬುದರ ಕೆಳಗೆ ಬಸುರಿ, ಬಾಣಂತಿ, ನವಜಾತ ಶಿಶು. ಏನು ಮಾಡಿದರು ಎಂಬುದರ ಕೆಳಗೆ ಮಹಿಳಾ ಗುಂಪು, ಸಹಭಾಗಿತ್ವದ ಕಲಿಕೆ, ಸಮುದಾಯ ಸಂಘಟನೆ. ಏನಾಯಿತು ಎಂಬುದರ ಕೆಳಗೆ ಆಸ್ಪತ್ರೆ ಹೆರಿಗೆ, ಶಿಶು ಮರಣ, ತಾಯಿ ಮರಣ. ಒಂದೇ ಕಾಲಮಿನ ಪದಗಳ ನಡುವೆ 'ಅಥವಾ' ಹಾಕಬೇಕು, ಕಾಲಂ ಕಾಲಮಿನ ನಡುವೆ 'ಮತ್ತು' ಹಾಕಬೇಕು. ಜೋಡಿ ಪದಗಳು ಬಿಡಿಬಿಡಿಯಾಗಿ ಹೋಗದಂತೆ ಉದ್ಧರಣ ಚಿಹ್ನೆಯೊಳಗೆ ಕಟ್ಟಬೇಕು. ಡೇಟಾಬೇಸಿನವರು ಪ್ರತಿ ಲೇಖನಕ್ಕೂ ತಾವೇ ಒಂದಿಷ್ಟು ವಿಷಯ ಶೀರ್ಷಿಕೆ ಹಚ್ಚಿರುತ್ತಾರೆ, ಅವನ್ನೂ ಸೇರಿಸಬೇಕು. ಇದನ್ನೆಲ್ಲ ನಾನು ಪ್ರತಿ ವರ್ಷ ಹುಡುಗಿಯರಿಗೆ ಪಾಠ ಮಾಡುತ್ತೇನೆ, ಉಬ್ಬಿಹೋದ ದಿನ ಮಾತ್ರ ನಾನೇ ಮರೆತಿದ್ದೆ.

ಈ ಸಲ ಬಂದದ್ದು ಸಣ್ಣ ರಾಶಿ, ಆದರೆ ಗಟ್ಟಿ ಕಾಳು. ನಮ್ಮಂಥವೇ ಬಡ ಊರುಗಳು, ನಮ್ಮಂಥವೇ ಕೂಟಗಳು. ಕೂಟ ನಡೆದ ಊರುಗಳನ್ನೂ ನಡೆಯದ ಊರುಗಳನ್ನೂ ಪಕ್ಕಪಕ್ಕ ಇಟ್ಟು, ಹೆರಿಗೆಗಳನ್ನೂ ಕೂಸುಗಳನ್ನೂ ಬಹುಕಾಲ ಲೆಕ್ಕವಿಟ್ಟು ನೋಡಿದ ಕೆಲಸ. ಹಲವು ಕಡೆ ಕೂಸುಗಳು ಹೆಚ್ಚು ಉಳಿದಿದ್ದವು. ಒಂದು ಒಳ್ಳೆಯ ಲೇಖನ ಸಿಕ್ಕರೆ ಅದರ ಕೊನೆಯ ಉಲ್ಲೇಖಗಳಿಂದ ಹಿಂದಕ್ಕೆ ಹೋಗುತ್ತಿದ್ದೆ, ಅದನ್ನು ಯಾರು ಉಲ್ಲೇಖಿಸಿದ್ದಾರೆ ಎಂದು ಮುಂದಕ್ಕೆ ಬರುತ್ತಿದ್ದೆ. ಮುಖ್ಯವಾದ ಒಂದಕ್ಕೆ ಬೀಗ ಹಾಕಿತ್ತು, ನಮ್ಮ ಕಾಲೇಜು ಆ ಪತ್ರಿಕೆಗೆ ಚಂದಾ ಕಟ್ಟಿರಲಿಲ್ಲ. ಲೇಖಕಿಗೆ ನಮ್ಮ ಹಳ್ಳದ ಸಂಗತಿ ಬರೆದು, ಒಂದು ಪ್ರತಿ ಕಳಿಸಬಹುದೇ ಎಂದು ಕೇಳಿದೆ. ಬೆಳಗಾಗುವುದರೊಳಗೆ ಲೇಖನವೂ ಬಂದಿತ್ತು, ನಿಮ್ಮ ಸಿಸ್ಟರ್‌ಗೆ ನನ್ನ ನಮಸ್ಕಾರ ಎಂಬ ಸಾಲೂ ಬಂದಿತ್ತು. ಮುಖ ನೋಡದವರು ತೋರುವ ಈ ದೊಡ್ಡತನ ನನಗೆ ನನ್ನ ವೃತ್ತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಸೇರುತ್ತದೆ.

ಆ ಮುಂದಕ್ಕೆ ಬರುವ ದಾರಿಯಲ್ಲೇ ಇನ್ನೊಂದು ಲೇಖನ ಎದುರಾಯಿತು. ಅದೇ ಪದ್ಧತಿ, ಅಷ್ಟೇ ಶ್ರದ್ಧೆಯ ಕೆಲಸ, ಹೆಸರುವಾಸಿ ಪತ್ರಿಕೆ. ಫಲಿತಾಂಶದ ಸಾಲನ್ನು ಎರಡು ಸಲ ಓದಿದೆ. ಕೂಟ ನಡೆದ ಊರುಗಳಿಗೂ ನಡೆಯದ ಊರುಗಳಿಗೂ ಕೂಸುಗಳ ಉಳಿವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ ಎಂದು ಅವರು ನೇರವಾಗಿ ಬರೆದಿದ್ದರು.

ಪ್ರಿನ್ಸಿಪಾಲರು ಒಳ್ಳೆಯವರು. ನನ್ನ ಒಳ್ಳೆಯದಕ್ಕೇ, "ಇದನ್ನ ಯಾಕ ಕೊಡ್ತೀರ್ರಿ? ಉಳಿದಾವ ಸಾಕಲ್ಲ. ನಿಮ್ಗ ಯಾರು ಕೇಳ್ಯಾರ?" ಎಂದರು. ಅದು ನಿಜವಾಗಿತ್ತು, ಯಾರೂ ಕೇಳಿರಲಿಲ್ಲ. ಆ ಲೇಖನವನ್ನು ಚೀಲದಲ್ಲಿಟ್ಟುಕೊಂಡು ವಾಡಿಗೂ ಸೇಡಮಿಗೂ ಓಡಾಡಿದೆ. ಕೊಟ್ಟರೆ ಸಮಿತಿ ಅದೊಂದನ್ನೇ ಹಿಡಿದುಕೊಂಡು ಕೂಟ ನಿಲ್ಲಿಸಬಹುದು. ಹಾಗಾದರೆ ಹಳ್ಳದ ಆ ಕಡೆ ಮತ್ತೊಬ್ಬಳು ಒದರುವುದು ನನ್ನಿಂದಾಗಿಯೇ ಆಗುತ್ತದೆ. ಕೊಡದಿದ್ದರೆ, ದುಡ್ಡು ಕಟ್ಟಿ ಕೋಷ್ಟಕ ಕದ್ದವರಿಗೂ ನನಗೂ ಏನು ಫರಕು? ರೈಲಿನಲ್ಲಿ ಎದುರಿಗೆ ಕೂತವರು ಊಟ ಮಾಡೋಣ ಬನ್ನಿ ಎಂದರೂ ಉತ್ತರ ಕೊಡದೆ ಕೂತಿರುತ್ತಿದ್ದೆ.

ಕೊನೆಗೆ ಸಿಟ್ಟು ಬಂದು ಅದನ್ನು ಮತ್ತೊಮ್ಮೆ ಪೂರ್ತಿ ಓದಿದೆ, ಈ ಸಲ ಫಲಿತಾಂಶವನ್ನು ದಾಟಿ ಚರ್ಚೆಯ ಭಾಗವನ್ನು. ಯಾಕೆ ಹೀಗಾಯಿತು ಎಂದು ಅವರೇ ಪ್ರಾಮಾಣಿಕವಾಗಿ ಯೋಚಿಸಿದ್ದರು. ಊರು ದೊಡ್ಡವು, ಕೂಟಗಳು ಕಡಿಮೆ. ಕೂಟಕ್ಕೆ ಬಂದವರಲ್ಲಿ ಬಸುರಿಯರೇ ಕಡಿಮೆ. ಆ ಸಾಲಿನ ಮೇಲೆ ಬೆರಳಿಟ್ಟು ಕೂತಾಗ ಗುಡಿಯ ಮುಂದಿನ ಬಯಲು ಕಣ್ಣಿಗೆ ಬಂತು. ಬಿಳಿ ಬಳೆಯ ಮುದುಕಿ ನೆನಪಾದಳು. ಆಕೆಯ ಸೊಸೆ ಎಲ್ಲಿದ್ದಳು? ನೋಡಿದ ನೆನಪೇ ಇಲ್ಲ. ಕೂಡಲೇ ಸಿಸ್ಟರ್‌ಗೆ ಫೋನ್ ಮಾಡಿದೆ.

"ಕೂಟಕ್ಕ ಬಸುರಿ ಹೆಣ್ಮಕ್ಕಳು ಬರ್ತಾರೇನ್ರಿ?"

"ಉಳಿದ ತಾಂಡಾದಿಂದ ಬರ್ತಾರ್ರಿ. ಕಡೀ ತಾಂಡಾದಿಂದ ಅತ್ತಿ ಬರ್ತಾಳ, ಸೊಸಿ ಮನ್ಯಾಗ ಆಡು ಕಾಯ್ಕೋತ ಇರ್ತಾಳ. ನಾನೂ ಅತ್ತಿ ಬಂದ್ಳಲ್ಲ ಅಂತ ಸುಮ್ಮನಿದ್ದೆ."

ಆ ಮಳೆಗಾಲದಲ್ಲಿ ಹಳ್ಳದ ಆ ಕಡೆ ಒದರಿದ ಹುಡುಗಿ ಯಾವ ತಾಂಡಾದವಳು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಸಿಸ್ಟರ್ ತಾವಾಗಿಯೇ ಹೇಳಿದರು. "ಆಕಿನೂ ಕಡೀ ತಾಂಡಾದಾಕಿನೇ."

ಆಗ ಮನಸ್ಸು ಗಟ್ಟಿ ಮಾಡಿಕೊಂಡೆ. ಡಾಕ್ಟರ್ ಮೇಡಂ ಆ ವಾರ ಯಾವುದೋ ಸಭೆಗೆ ಶಹಾಬಾದಿಗೆ ಬರುವವರಿದ್ದರು. ನಾನು ವಾಡಿಯಿಂದ ಅಲ್ಲಿಗೇ ಹೋದೆ. ಊರಿನದೇ ಕಲ್ಲಿನ ಚಪ್ಪಡಿ ಹಾಸಿದ ಹೋಟೆಲಿನಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ತರಿಸಿ ಕೂತೆವು. ಲೇಖನವನ್ನು ಅವರ ತಟ್ಟೆಯ ಪಕ್ಕಕ್ಕೆ ಇಟ್ಟೆ. "ಇದು ನಮಗ ಆಗಿಬರಂಗಿಲ್ಲ ಮೇಡಂ. ಆದ್ರ ನಿಮಗ ತೋರಸದ ಇರ್ಲಿಕ್ಕ ನನಗ ಆಗ್ಲಿಲ್ಲ."

ಅವರು ಓದಿದರು. ಮಿರ್ಚಿ ಆರಿ ಮೆತ್ತಗಾಯಿತು, ಚಹಾದ ಮೇಲೆ ಕೆನೆ ಕಟ್ಟಿತು. ಸಿಸ್ಟರ್ ಹೇಳಿದ ಮಾತನ್ನೂ ನಾನು ಹೇಳಿ ಮುಗಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ.

"ಇದನ್ನ ಎಲ್ಲಕ್ಕಿಂತ ಮೊದ್ಲ ಇಡೋಣು," ಎಂದರು.

"ಮೊದ್ಲ ಅಂದ್ರ? ಕೂಟ ನಿಂತು ಹೋದ್ರ?"

"ಮೇಡಂ, ನನಗ ಕೂಟ ಉಳಸೋದಲ್ರಿ ಬೇಕಾಗಿದ್ದು. ಹುಡುಗ್ಯಾರು ಉಳೀಬೇಕು. ಸೊಸಿ ಇಲ್ಲದ ಕೂಟ ನಡದ್ರೇನು, ಬಿಟ್ರೇನು. ಇಷ್ಟು ದಿನ ನನ್ನ ಕಣ್ಣಿಗೇ ಅದು ಬಿದ್ದಿದ್ದಿಲ್ಲ, ಈ ಕಾಗದ ತೋರಿಸ್ತದ." ಆಮೇಲೆ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, "ಇನ್ನೊಂದು ಬಿಸಿದು ಹೇಳ್ರಿ" ಎಂದರು.

ನಾನು ಎಷ್ಟೋ ಓದಿದವರನ್ನು ನೋಡಿದ್ದೇನೆ, ಓದಿಸಿದ್ದೇನೆ. ತನ್ನ ಕೆಲಸಕ್ಕೆ ಮುಳುವಾಗಬಹುದಾದ ಕಾಗದವನ್ನು ಹಾಗೆ ಎರಡೂ ಕೈಯಿಂದ ತೆಗೆದುಕೊಂಡವರನ್ನು ನೋಡಿದ್ದು ಅವತ್ತೇ. ಅವರ ಮೇಲೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಒಂದು ಗುಲಗಂಜಿಯಷ್ಟೂ ಇಳಿದಿಲ್ಲ.

ಸಮಿತಿಯ ಸಭೆಗೆ ನನ್ನನ್ನೂ ಎಳೆದುಕೊಂಡು ಹೋದರು. ಹುಡುಕಿದಾಕಿ ನೀವು, ನೀವೇ ಹೇಳ್ರಿ ಎಂದರು. ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿ ಕನ್ನಡಕ ಏರಿಸಿ ಮೊದಲ ಲೇಖನ ತಿರುವಿದವರು ತಲೆಯೆತ್ತಿ, "ಇದು ನಿಮ್ಮ ವಿರುದ್ಧನೇ ಅದ ಅಲ್ರಿ?" ಎಂದು ಕೇಳಿದರು.

"ಹೌದ್ರಿ ಸರ," ಎಂದರು ಡಾಕ್ಟರ್ ಮೇಡಂ. "ಯಾಕ ಹಂಗಾಗ್ಯಾದ ಅಂತ ಅದರಾಗೇ ಬರದದ. ಅದೇ ತಪ್ಪು ನಮ್ಮ ಒಂದು ತಾಂಡಾದಾಗೂ ಆಗಲಿಕತ್ತದ. ಹ್ಯಾಂಗ ತಿದ್ದಿಕೊಳ್ತೀವಿ ಅಂತ ಹಿಂದಿನ ಹಾಳ್ಯಾಗ ಬರದೀವಿ. ಉಳಿದ ಲೇಖನ ಆಮ್ಯಾಲ ನೋಡ್ರಿ."

ಅಧಿಕಾರಿ ಆ ಹಿಂದಿನ ಹಾಳೆಯನ್ನು ತೆಗೆದು ಓದಿದರು. ಅವರು ನನ್ನ ಕಡೆ ತಿರುಗಿ ಹೇಗೆ ಹುಡುಕಿದಿರಿ ಎಂದು ಕೇಳಿದರು. ನನ್ನ ಮೂರು ಕಾಲಮಿನ ಹಾಳೆ ಕೊಟ್ಟೆ. ಯಾವ ಪದಗಳಿಂದ ಹುಡುಕಿದೆ, ಏನೇನು ಬಿಟ್ಟೆ, ಯಾಕೆ ಬಿಟ್ಟೆ ಎಂಬುದೆಲ್ಲ ಅದರಲ್ಲಿತ್ತು. ಕೋಷ್ಟಕ ಕದ್ದ ಲೇಖನದ ವಿಷಯ ಓದಿ ಅವರಿಗೆ ನಗು ಬಂತು. ಆಮೇಲೆ ಒಂದೊಂದೇ ಲೇಖನ ಎತ್ತಿಕೊಂಡು ಬಹಳ ಹೊತ್ತು ಪ್ರಶ್ನೆ ಕೇಳಿದರು, ಸುಮ್ಮನೆ ಕೇಳಬೇಕು ಎಂದಲ್ಲ, ತಿಳಿಯಬೇಕು ಎಂದು. ಕೊನೆಗೆ ಒಂದು ವರ್ಷದ ಒಪ್ಪಿಗೆ ಸಿಕ್ಕಿತು. ಪ್ರತಿ ಕೂಟದಲ್ಲೂ ಬಸುರಿಯರು ಇರಲೇಬೇಕು ಎಂಬ ಷರತ್ತು ಹಾಕಿದರು. ಸಿಸ್ಟರ್‌ಗೆ ಕೂಟದ ದಿನ ಸಿಕ್ಕಿತು, ಜೀಪು ಸಿಗಲಿಲ್ಲ. ಡಾಕ್ಟರ್ ಮೇಡಂ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡರು. "ಬಸ್ಸಿಗಿ ಹೋಗ್ತಾಳ ಬಿಡ್ರಿ ನಮ್ಮ ಸಿಸ್ಟರ್, ಆಕಿ ಹಂಗೇನ್ ಸೋಲಾಕಿ ಅಲ್ಲ."

ಸೋಲಲಿಲ್ಲ. ಕಡೆಯ ತಾಂಡಾದವರಿಗೆ ಸಿಸ್ಟರ್ ತಮ್ಮದೇ ಒಂದು ಕಾಯಿದೆ ತಂದರು. ಸೊಸೆಯನ್ನು ಕರೆದುಕೊಂಡು ಬಂದ ಅತ್ತೆಗೆ ಎರಡು ಮುಷ್ಟಿ ತೊಗರಿ. ಒಬ್ಬಳೇ ಬಂದವಳಿಗೆ ಒಂದು ಕಾಳೂ ಇಲ್ಲ. ಕೂತು ನೋಡಬಹುದು, ಚಿತ್ರದ ಮೇಲೆ ಏನನ್ನೂ ಇಡುವಂತಿಲ್ಲ. ಬಿಳಿ ಬಳೆಯ ಮುದುಕಿ ಮೊದಲ ಸಲ ಬರಿಗೈಯಲ್ಲಿ ಕೂತು, ಎಲ್ಲರೂ ತೊಗರಿ ಇಡುವುದನ್ನು ನೋಡಿ, ಸಿಸ್ಟರ್‌ಗೆ ಮೂರು ಭಾಷೆಯಲ್ಲೂ ಬೈದು ಹೋದಳಂತೆ. ಮುಂದಿನ ತಿಂಗಳು ಸೊಸೆಯ ಕೈ ಹಿಡಿದುಕೊಂಡು ಬಂದಳು. ಸೊಸೆಗೆ ಆಗ ಆರು ತಿಂಗಳು. ಕೂಟದಲ್ಲಿ ಆ ಹುಡುಗಿ ತನ್ನ ಪಾಲಿನ ತೊಗರಿಯನ್ನಷ್ಟೂ ತುಂಬಿದ ಹಳ್ಳದ ಚಿತ್ರದ ಮೇಲೆ ಸುರಿದಳು ಎಂದು ಸಿಸ್ಟರ್ ಫೋನಿನಲ್ಲಿ ಹೇಳಿದರು. ಎರಡು ವರ್ಷದ ಹಿಂದೆ ಕೂಸು ಕಳೆದುಕೊಂಡವಳು ಆಕೆಯೇ.

ಮಳೆಗಾಲ ಬಂತು. ಒಂದು ಬೆಳಿಗ್ಗೆ ವಾಡಿಯಿಂದ ಹೊರಟ ಪ್ಯಾಸೆಂಜರ್ ಚಿತ್ತಾಪುರದಲ್ಲಿ ಮತ್ತೆ ನಿಂತಿತು. ರಾತ್ರಿಯಿಡೀ ಸುರಿದಿತ್ತು. ಡಬ್ಬಿಗೆ ಹತ್ತಿದವರೆಲ್ಲ ಮಳಖೇಡದ ಹತ್ತಿರ ಕಾಗಿಣಾ ತುಂಬಿ ಹರಿಯುತ್ತಿದೆ ಎಂದೇ ಮಾತಾಡುತ್ತಿದ್ದರು. ನಾನು ಕಿಟಕಿಯ ಗಾಜು ಇಳಿಸಿ ಗೂಡ್ಸ್ ಗಾಡಿಯನ್ನು ಬೈಯುತ್ತ ಕೂತಿದ್ದೆ. ಫೋನ್ ಹೊಡೆದುಕೊಂಡಿತು, ಸಿಸ್ಟರ್ ಹೆಸರು.

"ಮೇಡಂ, ಹಳ್ಳ ಬಂದದ್ರಿ," ಎಂದರು. ಆ ಕಡೆ ನೀರಿನ ಸದ್ದು ಎಷ್ಟಿತ್ತೆಂದರೆ ಅವರು ಕೂಗಿಯೇ ಹೇಳಬೇಕಾಗಿತ್ತು. "ಹುಣಸಿ ಗಿಡದ ಬುಡಕ್ಕ ಬಂದದ."

ಫೋನನ್ನು ಕಿವಿಗೆ ಒತ್ತಿಕೊಂಡೆ. "ಕಡೀ ತಾಂಡಾದ ಆ ಸೊಸಿ?" ಎಂದು ಕೇಳಿದೆ.

"ಅತ್ತಿ ಮೊನ್ನೆನೇ ಕರ್ಕೊಂಡು ದಾಟ್ಯಾಳ್ರಿ. ಆಡು ಬಾಜೂ ಮನಿಯವರು ಕಾಯಲಿಕತ್ತಾರ. ಡಾಕ್ಟರ್ ಮೇಡಂನೂ ಬಂದಾರ, ಇಲ್ಲೇ ಗಿಡದ ಹಿಂದಿನ ದಿಬ್ಬದ ಮ್ಯಾಲ ನಿಂತಾರ." ಸಿಸ್ಟರ್ ಉಸಿರು ತೆಗೆದುಕೊಂಡರು. "ಆಕಿ ಈ ಕಡಿ ಅದಾಳ್ರಿ ಮೇಡಂ."